ಹೊರಟವರು, ಉಳಿದವರು: ಫಾದರ್ ಸಾಮ್ಯುಯೆಲ್ ಮಾತ್ಸುಕೆಲ್ಲಿ ಪ್ರಕರಣ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ನೈರುತ್ಯ ಮೂಲೆಯಲ್ಲಿ ನ್ಯೂ ಡಿಗಿಂಗ್ಸ್ ಎಂಬ ಪುಟ್ಟ ಊರಿದೆ. ಸೀಸದ ಅದಿರಿಗಾಗಿ ನೆಲ ಬಗೆದ ಕಾರಣಕ್ಕೇ ಅದಕ್ಕೆ ಆ ಹೆಸರು ಬಂತು. ಅಲ್ಲಿ ಸಂತ ಅಗಸ್ಟೀನರ ಹೆಸರಿನ ಮರದ ಚರ್ಚೊಂದು ಇಂದಿಗೂ ನಿಂತಿದೆ. ದೂರದಿಂದ ನೋಡಿದವರಿಗೆ ಅದರ ಮುಂಭಾಗ ಕಲ್ಲಿನದೆಂದೇ ತೋರುತ್ತದೆ. ಹತ್ತಿರ ಹೋದರೆ ಅದು ಹಲಗೆ ಎಂದೂ, ಕಲ್ಲುಗಳ ನಡುವಿನ ಸಂದು ಕಾಣುವಂತೆ ಮರದ ಮೇಲೆ ಗೀರು ತೆಗೆಯಲಾಗಿದೆ ಎಂದೂ ತಿಳಿಯುತ್ತದೆ. ಗಣಿ ಕೂಲಿಗಳ ಊರಿಗೆ ಇಟಲಿಯ ಕಲ್ಲಿನ ಚರ್ಚಿನ ಮುಖವನ್ನು 1844ರಲ್ಲಿ ಮರದಲ್ಲಿ ಮಾಡಿಸಿಕೊಟ್ಟವರು ಮಿಲಾನ್ ನಗರದ ಸಿರಿವಂತರ ಮನೆಯಲ್ಲಿ ಹುಟ್ಟಿದ ಡೊಮಿನಿಕನ್ ಸನ್ಯಾಸಿ, ಫಾದರ್ ಸಾಮ್ಯುಯೆಲ್ ಮಾತ್ಸುಕೆಲ್ಲಿ.

ಅವರ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಲೆಕ್ಕದಿಂದಲೇ ಆರಂಭಿಸುತ್ತಾರೆ: ಇಪ್ಪತ್ತಕ್ಕೂ ಹೆಚ್ಚು ಚರ್ಚುಗಳು, ಒಂದು ಕಾಲೇಜು, ಒಂದು ಕನ್ಯಾಸ್ತ್ರೀಯರ ಸಭೆ. ಲೆಕ್ಕವೇನೋ ಸರಿಯಾಗಿದೆ. ಆದರೆ ಆ ಚರ್ಚುಗಳಲ್ಲಿ ಬಹುಪಾಲು 1835ರ ನಂತರದವು, ಅಂದರೆ ಐರಿಷ್ ಮತ್ತು ಜರ್ಮನ್ ವಲಸೆಗಾರರಿಗಾಗಿ ಕಟ್ಟಿದವು. ಅದಕ್ಕೂ ಐದು ವರ್ಷ ಮೊದಲು ಇವರನ್ನು ಕಳುಹಿಸಿದ್ದು ಬೇರೆ ಜನರ ಬಳಿಗೆ. ಒಟ್ಟಾವಾ, ಓಜಿಬ್ವೆ, ಮೆನಾಮಿನೀ ಮತ್ತು ಹೋಚಂಕ್ ಜನರಿಗೆ ಅವರವರ ನೆಲದಲ್ಲಿ ಧರ್ಮೋಪದೇಶ ಮಾಡುವುದು ಅವರ ಮೊದಲ ಹೊಣೆಯಾಗಿತ್ತು. ಪರದೇಶದಿಂದ ಬಂದವರಿಗೆ ಆ ನಾಡಿನಲ್ಲಿ ನೆಲೆ ಸಿಕ್ಕಿ, ಅಲ್ಲೇ ಹುಟ್ಟಿ ಬೆಳೆದವರ ನೆಲೆ ತಪ್ಪಿದ ಕಾಲವದು. ಈ ಎರಡೂ ಒಬ್ಬ ಸನ್ಯಾಸಿಯ ಬದುಕಿನಲ್ಲಿ ಹೇಗೆ ಎದುರುಬದುರಾದವು ಎಂಬುದೇ ಈ ಪ್ರಕರಣದ ತಿರುಳು.

ಮನೆ ಬಿಟ್ಟದ್ದು

ಅವರು ಹುಟ್ಟಿದ್ದು 1806ರ ನವೆಂಬರ್ 4ರಂದು. ಹದಿನೇಳು ಮಕ್ಕಳ ಮನೆಯಲ್ಲಿ ಹದಿನಾರನೆಯವರು. ಆರರ ವಯಸ್ಸಿಗೇ ತಾಯಿಯನ್ನು ಕಳೆದುಕೊಂಡರು. ಸ್ವಿಟ್ಜರ್ಲೆಂಡಿನ ಲುಗಾನೋದಲ್ಲಿ ಓದು ಮುಗಿಸಿ, ಹದಿನೇಳನೆಯ ವಯಸ್ಸಿನಲ್ಲಿ, 1823ರಲ್ಲಿ, ಫಾಯೆಂಝಾದ ಡೊಮಿನಿಕನ್ ಮಠ ಸೇರಿದರು. ಡೊಮಿನಿಕನ್ನರು ಭಿಕ್ಷು ಸನ್ಯಾಸಿಗಳು. ಮಠದ ಗೋಡೆಯೊಳಗೆ ಜೀವಮಾನ ಕಳೆಯುವವರಲ್ಲ. ಊರೂರು ತಿರುಗಿ ಉಪದೇಶಿಸುವುದೇ ಅವರ ವ್ರತ, ಅವರ ಸಭೆಯ ಅಧಿಕೃತ ಹೆಸರೇ ‘ಉಪದೇಶಕರ ಸಭೆ’. ಬಿಳಿ ನಿಲುವಂಗಿ, ಮೇಲೆ ಕಪ್ಪು ಹೊದಿಕೆ.

ರೋಮಿನ ಸಾಂತಾ ಸಬೀನಾ ಮಠದಲ್ಲಿ ಓದುತ್ತಿದ್ದಾಗ, 1828ರಲ್ಲಿ, ಅಮೆರಿಕದ ಸಿನ್ಸಿನಾಟಿ ಧರ್ಮಪ್ರಾಂತ್ಯದ ಪರವಾಗಿ ಫ್ರೆಡರಿಕ್ ರೆಸೆ ಎಂಬ ಗುರುಗಳು ಮಿಷನರಿಗಳನ್ನು ಹುಡುಕಿಕೊಂಡು ಯುರೋಪಿಗೆ ಬಂದಿದ್ದರು. ಅಲ್ಲಿನ ಬಿಷಪ್ ಎಡ್ವರ್ಡ್ ಫೆನ್ವಿಕ್ ತಾವೂ ಡೊಮಿನಿಕನ್ನರು. ಇನ್ನೂ ಗುರುದೀಕ್ಷೆಯಾಗದಿದ್ದ ಮಾತ್ಸುಕೆಲ್ಲಿ ಹೋಗಲು ಒಪ್ಪಿದರು. ದಾರಿಯಲ್ಲಿ ಫ್ರಾನ್ಸಿನಲ್ಲಿ ನಿಂತು ಫ್ರೆಂಚ್ ಕಲಿತುಕೊಂಡರು, ಆ ವರ್ಷದ ಅಕ್ಟೋಬರಿನಲ್ಲಿ ಲ ಹಾವ್ರ್ ಬಂದರಿನಲ್ಲಿ ಹಡಗು ಹತ್ತಿದರು, ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಇಳಿದರು. ಆಗ ವಯಸ್ಸು ಇಪ್ಪತ್ತೆರಡು. ಇಂಗ್ಲಿಷನ್ನು ಅಲ್ಲಿಗೆ ಹೋದ ಮೇಲೆ ಕಲಿಯಬೇಕಾಯಿತು. ಕೆಂಟಕಿ ಮತ್ತು ಓಹಾಯೊದ ಡೊಮಿನಿಕನ್ ಮಠಗಳಲ್ಲಿ ಓದು ಮುಗಿಸಿದ ಅವರಿಗೆ 1830ರ ಸೆಪ್ಟೆಂಬರ್ 5ರಂದು ಸಿನ್ಸಿನಾಟಿಯಲ್ಲಿ ಫೆನ್ವಿಕ್ ಗುರುದೀಕ್ಷೆ ಕೊಟ್ಟರು.

ಈ ತಾರೀಖಿನ ಪಕ್ಕದಲ್ಲಿ ಇನ್ನೊಂದನ್ನೂ ಇಟ್ಟು ನೋಡಬೇಕು. ಅದೇ ವರ್ಷದ ಮೇ 28ರಂದು ಅಮೆರಿಕದ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಮೂಲನಿವಾಸಿಗಳ ಸ್ಥಳಾಂತರ ಕಾಯ್ದೆಗೆ ಸಹಿ ಹಾಕಿದ್ದರು. ಮಿಸಿಸಿಪಿ ನದಿಯ ಪೂರ್ವಕ್ಕಿದ್ದ ಬುಡಕಟ್ಟುಗಳನ್ನು ಪಶ್ಚಿಮಕ್ಕೆ ಸಾಗಿಸಲು ಅದು ದಾರಿ ಮಾಡಿತು. ಹೊಸ ಗುರುವಿಗೆ ಮೂಲನಿವಾಸಿಗಳ ನಡುವೆ ಕೆಲಸ ಒಪ್ಪಿಸುವ ಹೊತ್ತಿಗೆ, ಆ ಜನರನ್ನು ಅಲ್ಲಿಂದ ಕದಲಿಸುವ ಕಾನೂನಿಗೆ ಮೂರು ತಿಂಗಳು ತುಂಬಿತ್ತು.

ಸರೋವರಗಳ ನಾಡಿನಲ್ಲಿ

1830ರ ಚಳಿಗಾಲ ಶುರುವಾಗುವ ಮೊದಲು ಅವರು ಮ್ಯಾಕಿನಾ ದ್ವೀಪ ತಲುಪಿದರು. ಹ್ಯುರಾನ್ ಮತ್ತು ಮಿಶಿಗನ್ ಸರೋವರಗಳು ಕೂಡುವ ಜಲಸಂಧಿಯಲ್ಲಿರುವ ಈ ದ್ವೀಪ ಅಂದು ತುಪ್ಪಳ ವ್ಯಾಪಾರದ ದೊಡ್ಡ ಕೇಂದ್ರ. ಅಲ್ಲಿನ ಕಥೋಲಿಕರಲ್ಲಿ ಹೆಚ್ಚಿನವರು ಫ್ರೆಂಚ್ ಕೆನಡಾದ ದೋಣಿಗಾರರು, ವ್ಯಾಪಾರಿಗಳು ಮತ್ತು ಅವರು ಮದುವೆಯಾಗಿದ್ದ ಮೂಲನಿವಾಸಿ ಹೆಂಗಸರ ಸಂತಾನ. ದಾರಿಯಲ್ಲಿ ಕಲಿತ ಫ್ರೆಂಚ್ ಇಲ್ಲಿ ಕೆಲಸಕ್ಕೆ ಬಂತು. ಹೊಣೆಯೆಂದು ಒಪ್ಪಿಸಿದ ಸೀಮೆ ಸರೋವರಗಳಿಂದ ಮಿಸಿಸಿಪಿಯವರೆಗೂ ಹಬ್ಬಿತ್ತು. ಮ್ಯಾಕಿನಾದಿಂದ ಗ್ರೀನ್ ಬೇಗೆ ಹೋಗುವುದೆಂದರೇ ಸುಮಾರು 300 ಕಿಲೋಮೀಟರ್: ಬೇಸಿಗೆಯಲ್ಲಿ ದೋಣಿ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೀರಿನ ಮೇಲೆ ಹಿಮಪಾದುಕೆ.

ಮ್ಯಾಕಿನಾದಲ್ಲಿ ಪ್ರೊಟೆಸ್ಟೆಂಟರ ಪ್ರೆಸ್ಬಿಟೇರಿಯನ್ ಪಂಥದ ಮಿಷನರಿ ವಿಲಿಯಂ ಫೆರಿ 1823ರಿಂದ ವಸತಿ ಶಾಲೆಯೊಂದನ್ನು ನಡೆಸುತ್ತಿದ್ದರು. ಅವರು ಕಥೋಲಿಕ ಧರ್ಮವನ್ನು ಖಂಡಿಸಿ ಉಪನ್ಯಾಸಮಾಲೆ ಆರಂಭಿಸಿದಾಗ, ಈ ಯುವ ಗುರು ಹೋಗಿ ಕುಳಿತು ಕೇಳಿ, ಬರೆದುಕೊಂಡು ಬಂದು, ತಮ್ಮ ಚರ್ಚಿನಲ್ಲಿ ಒಂದೊಂದು ಮಾತಿಗೂ ಉತ್ತರ ಕೊಟ್ಟರು. ಇಂಗ್ಲಿಷ್ ಕಲಿತು ಎರಡೇ ವರ್ಷವಾದ ಇಪ್ಪತ್ತನಾಲ್ಕರ ಹುಡುಗನಿಗೆ ಇದು ಸಣ್ಣ ಸಾಹಸವಲ್ಲ. ಆದರೂ ನನಗೆ ಈ ವಾದವಿವಾದ ಅಷ್ಟು ಮುಖ್ಯವೆನಿಸುವುದಿಲ್ಲ. ಎರಡೂ ಕಡೆಯ ಯುರೋಪಿಯನ್ ಜಗಳಗಳು ಅಲ್ಲಿಗೂ ದೋಣಿ ಹತ್ತಿ ಬಂದಿದ್ದವು, ಅಷ್ಟೇ.

ಮುಖ್ಯವಾದದ್ದು ಗ್ರೀನ್ ಬೇಯಲ್ಲಿ ನಡೆಯಿತು. 1831ರಲ್ಲಿ ಅಲ್ಲಿ ಸಂತ ಯೊವಾನ್ನರ ಹೆಸರಿನಲ್ಲಿ ಚರ್ಚು ಕಟ್ಟಿಸಿದರು. ಮೆನಾಮಿನೀ ಮಕ್ಕಳಿಗಾಗಿ ಶಾಲೆ ತೆರೆದರು. ಅದರ ಶಿಕ್ಷಕಿಯರಲ್ಲಿ ರೋಸಾಲಿ ಡೌಸ್‌ಮನ್ ಒಬ್ಬರು. ಅವರದೇ ರಕ್ತದಲ್ಲಿ ಮೆನಾಮಿನೀ ಮೂಲವಿತ್ತು. ಮಕ್ಕಳ ಮಾತು ಅವರಿಗೆ ಪರಭಾಷೆಯಾಗಿರಲಿಲ್ಲ. ಮಾತ್ಸುಕೆಲ್ಲಿ ಸ್ವತಃ ದುಭಾಷಿಗಳ ನೆರವಿನಿಂದ ಉಪದೇಶಿಸುತ್ತಿದ್ದರು. ದಕ್ಷಿಣದಲ್ಲಿ ಫೋರ್ಟ್ ವಿನೆಬಾಗೋ ಬಳಿಯ ಹೋಚಂಕರ ನಡುವೆ ಅವರ ಮಾತನ್ನು ದಾಟಿಸಿದವರು ತುಪ್ಪಳ ವ್ಯಾಪಾರಿ ಪಿಯೆರ್ ಪೊಕೆಟ್, ಅರ್ಧ ಫ್ರೆಂಚ್, ಅರ್ಧ ಹೋಚಂಕ್.

ಉಪದೇಶಕನಾದವನು ತನ್ನ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕೇಳಿಸಿಕೊಳ್ಳುತ್ತ ನಿಲ್ಲಬೇಕಾದ ಸ್ಥಿತಿ ಸುಲಭದ್ದಲ್ಲ. ಹೇಳಿದ್ದೇನು, ತಲುಪಿದ್ದೇನು ಎಂಬ ಅಳುಕು ಬಿಡುವುದಿಲ್ಲ. ಅವರು ಕಂಡುಕೊಂಡ ಉಪಾಯ ಅಚ್ಚು. 1833ರಲ್ಲಿ ಡೆಟ್ರಾಯಿಟಿನಲ್ಲಿ ಹೋಚಂಕ್ ಭಾಷೆಯ ಪ್ರಾರ್ಥನಾ ಪುಸ್ತಕವನ್ನು ಅಚ್ಚು ಹಾಕಿಸಿದರು. ಬರಿಯ 18 ಪುಟ. ಅಲ್ಲಿಯವರೆಗೆ ಬಾಯಿಮಾತಿನಲ್ಲೇ ಬದುಕಿದ್ದ ಭಾಷೆಯನ್ನು ಲ್ಯಾಟಿನ್ ಅಕ್ಷರದಲ್ಲಿ ಹಿಡಿಯುವ ಪ್ರಯತ್ನವದು. ಮುಂದಿನ ವರ್ಷ ಓಜಿಬ್ವೆ ಭಾಷೆಯಲ್ಲಿ 1834ರ ಪಂಚಾಂಗ, ಅಂದರೆ ಭಾನುವಾರ ಮತ್ತು ಹಬ್ಬದ ದಿನಗಳನ್ನು ತಿಳಿಸುವ ಕ್ಯಾಲೆಂಡರ್, ಗ್ರೀನ್ ಬೇಯಲ್ಲೇ ಅಚ್ಚಾಯಿತು. ಗುರುವಿನ ಮುಖ ವರ್ಷಕ್ಕೊಮ್ಮೆ ಕಂಡರೆ ಹೆಚ್ಚು ಎಂಬಂತಿದ್ದ ಹಳ್ಳಿಯವರಿಗೆ ಅಂಥದ್ದು ಬೇಕಿತ್ತು. ಇಂದಿನ ವಿಸ್ಕಾನ್ಸಿನ್ ಎಲ್ಲೆಯೊಳಗೆ ಅಚ್ಚಾದ ಮೊತ್ತಮೊದಲ ಕೃತಿ ಇದೇ ಎಂದು ಗ್ರಂಥಸೂಚಿಕಾರರು ಗುರುತಿಸುತ್ತಾರೆ. ಹಾಗಾದರೆ ಆ ರಾಜ್ಯದ ಮುದ್ರಣ ಚರಿತ್ರೆ ಇಂಗ್ಲಿಷಿನಿಂದಲ್ಲ, ಓಜಿಬ್ವೆಯಿಂದ ಆರಂಭವಾಗುತ್ತದೆ ಎಂದಾಯಿತು.

ಇಷ್ಟು ಹೇಳಿದ ಮೇಲೆ ಅವರನ್ನು ಮೂಲನಿವಾಸಿ ಸಂಸ್ಕೃತಿಯ ರಕ್ಷಕರೆಂದು ಚಿತ್ರಿಸುವ ಆಸೆ ಹುಟ್ಟಬಹುದು. ಅದು ತಪ್ಪಾಗುತ್ತದೆ. ಅವರು ಹೋದದ್ದು ಮತಾಂತರಕ್ಕೆ. ಆ ಜನರ ಹಳೆಯ ನಂಬಿಕೆಗಳ ಬಗ್ಗೆ ಅವರ ಕಾಲದ ಮಿಷನರಿಗೆ ಇದ್ದ ಅಭಿಪ್ರಾಯವೇ ಅವರದೂ. ಅವರ ವಿಷಯದಲ್ಲಿ ಗಮನಿಸಬೇಕಾದದ್ದು ಇಷ್ಟು ಮಾತ್ರ: ಕೇಳುಗನು ತನ್ನ ಭಾಷೆ ಬಿಟ್ಟು ಬಂದರೆ ಮಾತ್ರ ಧರ್ಮ ಸಿಗುತ್ತದೆ ಎಂಬ ಷರತ್ತನ್ನು ಅವರು ಹಾಕಲಿಲ್ಲ, ಮತ್ತು ಮೂಲನಿವಾಸಿಗಳನ್ನು ನೆಲ ಬಿಡಿಸುತ್ತಿದ್ದ ರೀತಿಯನ್ನು ಬರವಣಿಗೆಯಲ್ಲಿ ವಿರೋಧಿಸಿದರು.

ಮುರಿದು ಬಿದ್ದ ಕೆಲಸ

ಆದರೆ ಅವರ ಕಾಲಡಿಯ ನೆಲವೇ ಜಾರುತ್ತಿತ್ತು. 1832ರ ಬೇಸಿಗೆಯಲ್ಲಿ ಬ್ಲ್ಯಾಕ್ ಹಾಕ್ ಯುದ್ಧ ನಡೆಯಿತು. ಸಾಕ್ ಜನರ ನಾಯಕ ಬ್ಲ್ಯಾಕ್ ಹಾಕ್ ತಮ್ಮ ಹಳೆಯ ನೆಲಕ್ಕೆ ಮರಳಲು ಹೋಗಿ, ಮಿಸಿಸಿಪಿಯ ದಡದ ಬ್ಯಾಡ್ ಆಕ್ಸ್‌ನಲ್ಲಿ ಅವರ ಗುಂಪು ಹತ್ಯಾಕಾಂಡಕ್ಕೆ ತುತ್ತಾಯಿತು. ಆ ಸೆಪ್ಟೆಂಬರಿನಲ್ಲೇ ಎರಡು ಒಪ್ಪಂದಗಳಾದವು. ಒಂದರಿಂದ ಸಾಕ್ ಮತ್ತು ಮೆಸ್ಕ್ವಾಕಿ ಜನರು ಮಿಸಿಸಿಪಿಯ ಪಶ್ಚಿಮ ದಡದ ಪಟ್ಟಿಯನ್ನು ಕಳೆದುಕೊಂಡರು. ಇನ್ನೊಂದರಿಂದ ಹೋಚಂಕರು ವಿಸ್ಕಾನ್ಸಿನ್ ನದಿಯ ದಕ್ಷಿಣದ ನೆಲ ಬಿಟ್ಟುಕೊಟ್ಟರು. ಬದಲಿಗೆ ಅವರ ಮಕ್ಕಳಿಗೆ ಶಾಲೆ ನಡೆಸಲು 27 ವರ್ಷಗಳ ಕಾಲ ವರ್ಷಕ್ಕೆ 3,000 ಡಾಲರ್ ಖರ್ಚು ಮಾಡುವ ಭರವಸೆ ಬರೆಯಲಾಯಿತು. ಆ ಶಾಲೆ ಒಬ್ಬ ಪ್ರೆಸ್ಬಿಟೇರಿಯನ್ ಪಾದ್ರಿಯ ಕೈಗೆ ಹೋಯಿತು. ಹೋಚಂಕ್ ಭಾಷೆಯಲ್ಲಿ ಪುಸ್ತಕ ಅಚ್ಚು ಹಾಕಿಸಿದ್ದ ಮಾತ್ಸುಕೆಲ್ಲಿಯವರಿಗೆ ಅದರಲ್ಲಿ ಪಾಲಿರಲಿಲ್ಲ.

ಅದೇ ಸೆಪ್ಟೆಂಬರಿನಲ್ಲಿ, ಮಿಷನ್ ಪ್ರವಾಸದಿಂದ ಮರಳುತ್ತಿದ್ದ ಬಿಷಪ್ ಫೆನ್ವಿಕ್ ಓಹಾಯೊದಲ್ಲಿ ಕಾಲರಾದಿಂದ ತೀರಿಕೊಂಡರು. ತಾವು ನಂಬಿದ್ದ ಹಿರಿಯರು ಹೋದರು, ಸರ್ಕಾರದ ಹಣ ಬೇರೆಯವರ ಪಾಲಾಯಿತು, ಮುಖ್ಯವಾಗಿ, ಕೇಳುವ ಜನರನ್ನೇ ಅಲ್ಲಿಂದ ಸರಿಸಲಾಗುತ್ತಿತ್ತು. 1837ರ ಒಪ್ಪಂದದ ಹೊತ್ತಿಗೆ ಮಿಸಿಸಿಪಿಯ ಪೂರ್ವಕ್ಕೆ ಹೋಚಂಕರಿಗೆ ಕಾಗದದ ಮೇಲೆ ಅಂಗೈಯಗಲ ನೆಲವೂ ಉಳಿದಿರಲಿಲ್ಲ. ಅಷ್ಟರಲ್ಲಿ ಅವರ ಗುರು ಬೇರೆಡೆ ಹೋಗಿ ಎರಡು ವರ್ಷವಾಗಿತ್ತು.

ಸೀಸದ ಸೀಮೆ, ‘ಮ್ಯಾಥ್ಯೂ ಕೆಲ್ಲಿ’

1835ರ ಬೇಸಿಗೆಯಲ್ಲಿ ಅವರು ಮಿಸಿಸಿಪಿಯ ಎರಡು ಬದಿಯ ಗಣಿ ಊರುಗಳಿಗೆ ಬಂದರು: ಇಲಿನಾಯ್ ಕಡೆ ಗಲೀನಾ, ಇಂದಿನ ಐಯೊವಾ ಕಡೆ ಡುಬ್ಯೂಕ್. ಈ ಸೀಸದ ಗಣಿಗಳಲ್ಲಿ ಮೊದಲು ದುಡಿದವರು ಮೆಸ್ಕ್ವಾಕಿ ಜನರು, ಅದರಲ್ಲೂ ಹೆಂಗಸರು. 1833ರ ಜೂನಿನಲ್ಲಿ ಬಿಳಿಯರಿಗೆ ಪಶ್ಚಿಮ ದಡ ತೆರೆಯುತ್ತಲೇ ಐರ್ಲೆಂಡಿನ ಬಡವರು ಗುದ್ದಲಿ ಹಿಡಿದು ನುಗ್ಗಿದರು. ಗಲೀನಾಕ್ಕೆ ಮೊದಲು ಬಂದಿದ್ದ ಫಾದರ್ ಮೆಕ್‌ಮೆಹನ್ ಆ ವರ್ಷವೇ ಕಾಲರಾಕ್ಕೆ ಬಲಿಯಾಗಿದ್ದರು.

ಇಲ್ಲಿಂದ ಕೆಲಸದ ವೇಗವೇ ಬೇರೆ. ಡುಬ್ಯೂಕಿನಲ್ಲಿ ಸಂತ ರಾಫಾಯೆಲರ ಚರ್ಚಿಗೆ 1835ರ ಆಗಸ್ಟ್ 15ರಂದು ಅಡಿಗಲ್ಲು. ಮರುತಿಂಗಳು ಗಲೀನಾದಲ್ಲಿ ಸಂತ ಮೈಕೆಲರ ಚರ್ಚಿಗೆ. ನಂತರ ಡ್ಯಾವನ್‌ಪೋರ್ಟ್, ಬರ್ಲಿಂಗ್ಟನ್, ಪ್ರೇರಿ ಡು ಶೀನ್, ಮಿನರಲ್ ಪಾಯಿಂಟ್, ಷಲ್ಸ್‌ಬರ್ಗ್. ನಕ್ಷೆ ಬರೆದವರೂ ಅವರೇ, ಮೇಸ್ತ್ರಿಯಂತೆ ನಿಂತು ಕೆಲಸ ಮಾಡಿಸಿದವರೂ ಅವರೇ, ಚಂದಾ ಎತ್ತಿದವರೂ ಅವರೇ. ಬರ್ಲಿಂಗ್ಟನ್ನಿನ ಚರ್ಚಿನ ಸಾಲ ತೀರಿಸಲು ಕಟ್ಟಡವನ್ನು ಐಯೊವಾ ಸಂಸ್ಥಾನದ ಶಾಸಕಾಂಗದ ಮೇಲ್ಮನೆಗೆ ಬಾಡಿಗೆಗೆ ಕೊಟ್ಟ ಉದಾಹರಣೆಯೂ ಇದೆ. ಪೀಠದ ಮುಂದೆ ಮಸೂದೆಗಳ ಚರ್ಚೆ ನಡೆದು, ಆ ಬಾಡಿಗೆಯಲ್ಲಿ ದೇವರ ಮನೆಯ ಸಾಲ ತೀರಿದ ಪ್ರಸಂಗವನ್ನು ಓದಿದಾಗಲೆಲ್ಲ, ಭಿಕ್ಷು ಸನ್ಯಾಸಿಗೂ ಮನೆವಾರ್ತೆಯ ಜಾಣತನ ಬೇಕೇ ಬೇಕು ಅನಿಸುತ್ತದೆ.

ಐರಿಷ್ ನಾಲಿಗೆಗೆ ಅವರ ಹೆಸರು ಒಗ್ಗಲಿಲ್ಲ. ಮಾತ್ಸುಕೆಲ್ಲಿ ಎಂಬುದು ‘ಮ್ಯಾಥ್ಯೂ ಕೆಲ್ಲಿ’ ಆಯಿತು, ಕೊನೆಗೆ ಬರಿಯ ಫಾದರ್ ಕೆಲ್ಲಿ. ತಮ್ಮೂರಿನ ಹೆಸರಿಟ್ಟು ತಮ್ಮವನನ್ನಾಗಿ ಮಾಡಿಕೊಳ್ಳುವ ರೀತಿ ಅದು. (ಆ ಹೆಸರಿನೊಳಗೆ ಕನ್ನಡದ ಕಿವಿಗೆ ‘ಮಾತು’ ಕೇಳಿಸುವುದು ಕೇವಲ ಆಕಸ್ಮಿಕ, ಆದರೆ ಉಪದೇಶಕನಿಗೆ ಒಪ್ಪುವ ಆಕಸ್ಮಿಕ.) 1836ರ ಅಕ್ಟೋಬರಿನಲ್ಲಿ ಬೆಲ್ಮಾಂಟಿನಲ್ಲಿ ವಿಸ್ಕಾನ್ಸಿನ್ ಸಂಸ್ಥಾನದ ಮೊದಲ ಶಾಸಕಾಂಗ ಸೇರಿದಾಗ ಅದಕ್ಕೆ ಪ್ರಾರ್ಥನೆ ಹೇಳಿದ ಚಾಪ್ಲೆನ್ ಈ ಇಟಲಿಯ ಸನ್ಯಾಸಿಯೇ. ಬಹುಪಾಲು ಪ್ರೊಟೆಸ್ಟೆಂಟರ ಸಭೆಯಲ್ಲಿ, ದೇಶಕ್ಕೆ ಬಂದು ಎಂಟು ವರ್ಷವಾಗಿದ್ದ ಕಥೋಲಿಕ ಪರದೇಶಿಗೆ ಸಿಕ್ಕ ಗೌರವವದು. ಅದೇ ಸಭೆ ಯಾವ ನೆಲವನ್ನು ಆಳಲು ಸೇರಿತ್ತೋ ಆ ನೆಲದ ಹಳೆಯ ಜನರಿಗೆ ಅಲ್ಲಿ ಕುರ್ಚಿ ಇರಲಿಲ್ಲ. ಪ್ರಕರಣದ ಎರಡೂ ಎಳೆಗಳು ಒಂದೇ ಕೋಣೆಯಲ್ಲಿ ಕೂಡಿದ್ದು ಇಲ್ಲಿಯೇ. ಐರಿಷರ ನಡುವಿನ ಅವರ ಯಶಸ್ಸಿಗೆ ಅವರ ದುಡಿಮೆ ಎಷ್ಟು ಕಾರಣವೋ, ಹೋಚಂಕ್ ಮತ್ತು ಮೆಸ್ಕ್ವಾಕಿ ಜನರನ್ನು ಹೊರಹಾಕಿದ್ದೂ ಅಷ್ಟೇ ಕಾರಣ. ಎರಡನೆಯದನ್ನು ಅವರು ಮಾಡಲಿಲ್ಲ, ಒಪ್ಪಲೂ ಇಲ್ಲ. ಆದರೆ ಅವರು ಕಟ್ಟಿದ್ದೆಲ್ಲ ನಿಂತದ್ದು ಅದರ ಮೇಲೆ.

1837ರಲ್ಲಿ ಡುಬ್ಯೂಕ್ ಧರ್ಮಪ್ರಾಂತ್ಯವಾಯಿತು. 1839ರಲ್ಲಿ ಬಂದಿಳಿದ ಫ್ರೆಂಚ್ ಬಿಷಪ್ ಮಥಾಯಸ್ ಲೋರಾಸ್ ಅವರಿಗೆ ಇವರು ವಿಕಾರ್ ಜನರಲ್, ಅಂದರೆ ಆಡಳಿತದಲ್ಲಿ ಬಿಷಪ್ಪರ ಪ್ರತಿನಿಧಿ, ಆಗಿ ನೆರವಾದರು.

ಆಲೋಚಿಸಿ ಕಟ್ಟಿದ್ದು, ಆಲೋಚಿಸದೆ ಉಳಿದದ್ದು

1843ರಲ್ಲಿ ಅವರು ಇಟಲಿಗೆ ಹೋದರು. ಮಿಲಾನಿನಲ್ಲಿ 1844ರಲ್ಲಿ ಪ್ರಕಟವಾದ ಅವರ ನೆನಪುಗಳ ಪುಸ್ತಕದಲ್ಲಿ ‘ನಾನು’ ಎಂಬ ಮಾತಿಲ್ಲ. ತಮ್ಮ ಹೆಸರನ್ನೂ ಹೇಳಿಕೊಳ್ಳದೆ, ‘ಮಿಷನರಿ’, ‘ಗುರು’ ಎಂದು ಮೂರನೆಯವರ ಕಥೆಯಂತೆ ಬರೆದಿದ್ದಾರೆ. ವಿನಯವೆಂದು ಇದನ್ನು ಹೊಗಳುವುದು ರೂಢಿ. ವಿನಯ ಇದ್ದೀತು; ಆದರೆ ಇಟಲಿಯ ಓದುಗನ ಮುಂದೆ ಒಬ್ಬ ವ್ಯಕ್ತಿಗಿಂತ ಒಂದು ಕೆಲಸವನ್ನು ನಿಲ್ಲಿಸಿ ಅದಕ್ಕೆ ಬೆಂಬಲ ಕೇಳುವ ಜಾಣ್ಮೆಯೂ ಅದರಲ್ಲಿ ಕಾಣುತ್ತದೆ.

ಅವರು ಆ ಪ್ರಯಾಣದಲ್ಲಿ ತಂದುಕೊಂಡ ಮುಖ್ಯ ಅನುಮತಿ ಡೊಮಿನಿಕನ್ನರ ಹೊಸ ಪ್ರಾಂತ್ಯ, ಅಂದರೆ ಸಭೆಯ ಹೊಸ ಆಡಳಿತ ವಿಭಾಗ, ಸ್ಥಾಪಿಸುವುದಕ್ಕೆ. ಮರಳಿ ಬಂದವರೇ ಜಾರ್ಜ್ ವಾಲೇಸ್ ಜೋನ್ಸ್ ಅವರಿಂದ ಸಿನ್ಸಿನಾವಾ ದಿಬ್ಬವನ್ನು ಕೊಂಡರು. ಬಯಲ ನಡುವೆ ಒಂಟಿಯಾಗಿ ಎದ್ದ ದಿಬ್ಬವದು. 1846ರಲ್ಲಿ ಅಲ್ಲಿ ಗಂಡುಮಕ್ಕಳ ಕಾಲೇಜು ಆರಂಭವಾಯಿತು, 1848ರಲ್ಲಿ ಅದಕ್ಕೆ ಸನದು ಸಿಕ್ಕಿತು. ತಮ್ಮ ನಂತರವೂ ಉಪದೇಶ ನಿಲ್ಲದಂತೆ ಸನ್ಯಾಸಿಗಳನ್ನು ಬೆಳೆಸುವ ಯೋಜನೆ ಅದು. ಅವರ ಬದುಕಿನ ದೊಡ್ಡ ಕನಸೆಂದು ಕರೆಯಬಹುದಾದದ್ದು ಇದೊಂದೇ. ಮೂರು ವರ್ಷಕ್ಕೆ ಅದು ಕೈಬಿಟ್ಟಿತು. 1849ರಲ್ಲಿ ದಿಬ್ಬವನ್ನೂ ಕಾಲೇಜನ್ನೂ ಮೊದಲಿನಿಂದ ಅಲ್ಲಿದ್ದ ಸಂತ ಜೋಸೆಫರ ಪ್ರಾಂತ್ಯದ ಡೊಮಿನಿಕನ್ನರಿಗೆ ಒಪ್ಪಿಸಿ, ತಾವು ಬೆಂಟನ್ ಎಂಬ ಗಣಿ ಊರಿನ ಧರ್ಮಕೇಂದ್ರದ ಗುರುವಾಗಿ ಹೋಗಿಬಿಟ್ಟರು. ವಿಕಾರ್ ಜನರಲ್ ಆಗಿದ್ದವರು, ಪ್ರಾಂತ್ಯ ಕಟ್ಟಲು ಹೊರಟಿದ್ದವರು, ಹಳ್ಳಿಯ ಚರ್ಚಿನ ಪಕ್ಕದ ಪುಟ್ಟ ಮನೆಯಲ್ಲಿ ಇಳಿದರು.

ಈ ಗದ್ದಲದ ನಡುವೆ, 1847ರಲ್ಲಿ, ಇಬ್ಬರು ಹೆಂಗಸರಿಗೆ ಅವರು ಡೊಮಿನಿಕನ್ ಉಡುಪು ಕೊಟ್ಟಿದ್ದರು. ಶಾಲೆಗಳಲ್ಲಿ ಕಲಿಸಲು ಯಾರಾದರೂ ಬೇಕಲ್ಲ, ಅದಕ್ಕೆ. ಎರಡು ವರ್ಷದಲ್ಲಿ ಇಬ್ಬರು ನಾಲ್ವರಾದರು. 1852ರಲ್ಲಿ ಅವರನ್ನು ಬೆಂಟನ್ನಿಗೆ ಕರೆಸಿ, ಹೆಣ್ಣುಮಕ್ಕಳಿಗೆ ಸಂತ ಕ್ಲಾರಾ ಅಕಾಡೆಮಿ ಆರಂಭಿಸಿದರು. ಹೊಲಿಗೆ, ಸಂಗೀತ, ಶಿಷ್ಟಾಚಾರ ಕಲಿಸಿ ಕಳುಹಿಸಿದರೆ ಹೆಣ್ಣುಮಕ್ಕಳಿಗೆ ಸಾಕೆಂದುಕೊಂಡಿದ್ದ ಕಾಲದಲ್ಲಿ ಇಲ್ಲಿ ಭೌತಶಾಸ್ತ್ರ ಮತ್ತು ಖಗೋಳಶಾಸ್ತ್ರಗಳಿದ್ದವು. ಪಾಠ ಹೇಳುತ್ತಿದ್ದವರಲ್ಲಿ ಸ್ವತಃ ಮಾತ್ಸುಕೆಲ್ಲಿಯೂ ಒಬ್ಬರು.

ಬೆಂಟನ್ನಿನ ಹದಿನೈದು ವರ್ಷಗಳು ಸದ್ದಿಲ್ಲದವು: ಬಲಿಪೂಜೆ, ಪಾಪನಿವೇದನೆ, ಮದುವೆ, ಮಣ್ಣು. ಕಾಲರಾ ಬಂದಾಗ ಮನೆಮನೆಗೆ ಹೋದರು. 1864ರ ಫೆಬ್ರವರಿಯ ಕಡುಚಳಿಯಲ್ಲಿ ಸಾಯುವ ಸ್ಥಿತಿಯಲ್ಲಿದ್ದವರಿಗೆ ಕೊನೆಯ ಸಂಸ್ಕಾರ ಕೊಡಲು ಹೋಗಿ ಬಂದವರು ಹಾಸಿಗೆ ಹಿಡಿದರು. ನ್ಯುಮೋನಿಯಾ. ಫೆಬ್ರವರಿ 23ರಂದು, ಐವತ್ತೇಳನೆಯ ವಯಸ್ಸಿನಲ್ಲಿ ತೀರಿಕೊಂಡರು. ದೇಹವನ್ನು ಸಿದ್ಧಪಡಿಸಿದವರಿಗೆ ಸೊಂಟದ ಸುತ್ತ, ಅಂಗಿಯೊಳಗೆ, ಕಬ್ಬಿಣದ ಸರಪಳಿ ಸಿಕ್ಕಿತು. ಪ್ರಾಯಶ್ಚಿತ್ತಕ್ಕೆಂದು ಕಟ್ಟಿಕೊಂಡದ್ದು. ಅದು ಯಾವುದರ ಪ್ರಾಯಶ್ಚಿತ್ತವೆಂದು ಊಹಿಸುವುದು ಪ್ರಕರಣ ಬರೆಯುವವನ ಕೆಲಸವಲ್ಲ. ಬೆಂಟನ್ನಿನ ಸಂತ ಪ್ಯಾಟ್ರಿಕ್ ಚರ್ಚಿನ ಅಂಗಳದಲ್ಲಿ ಅವರನ್ನು ಮಣ್ಣು ಮಾಡಿದರು. 1993ರ ಜುಲೈ 6ರಂದು ಪೋಪ್ ಎರಡನೆಯ ಜಾನ್ ಪಾಲ್ ಅವರನ್ನು ‘ವಂದನೀಯ’ರೆಂದು ಘೋಷಿಸಿದರು. ಸಂತ ಪದವಿಯ ದಾರಿಯಲ್ಲಿ ಅದೊಂದು ಮೆಟ್ಟಿಲು.

ನಂತರ ನಡೆದದ್ದು

ಗುರು ಹೋದ ಮೇಲೆ ಕನ್ಯಾಸ್ತ್ರೀಯರಿಗೆ ಸಭೆ ವಿಸರ್ಜಿಸುವ ಸಲಹೆ ಬಂತು. ಅವರು ಒಪ್ಪಲಿಲ್ಲ. ಅಷ್ಟರಲ್ಲಿ ಸಿನ್ಸಿನಾವಾದ ಕಾಲೇಜು ಮುಚ್ಚಿತ್ತು. 1867ರಲ್ಲಿ ಅವರೇ ಆ ದಿಬ್ಬವನ್ನು ಕೊಂಡು ಅಲ್ಲಿಗೆ ಮರಳಿದರು. ಆ ವರ್ಷ ಮುಖ್ಯಸ್ಥೆಯಾದವರು ಐರ್ಲೆಂಡಿನಲ್ಲಿ ಹುಟ್ಟಿ ಬೆಂಟನ್ನಿನ ಅಕಾಡೆಮಿಯಲ್ಲೇ ಓದಿದ್ದ ಎಮಿಲಿ ಪವರ್. ಇಪ್ಪತ್ತರ ಹರೆಯದಲ್ಲಿ ವಹಿಸಿಕೊಂಡ ಹೊಣೆಯನ್ನು 1909ರವರೆಗೆ ಹೊತ್ತರು. ಷಿಕಾಗೋ ಹೊರವಲಯದ ಇಂದಿನ ಡೊಮಿನಿಕನ್ ವಿಶ್ವವಿದ್ಯಾಲಯ ಮತ್ತು ಮ್ಯಾಡಿಸನ್ ನಗರದ ಎಜ್‌ವುಡ್ ಕಾಲೇಜು (ಈಗ ವಿಶ್ವವಿದ್ಯಾಲಯ) ಈ ಸಭೆಯಿಂದ ಬೆಳೆದವು. ಗಂಡಸರ ಪ್ರಾಂತ್ಯಕ್ಕೆಂದು ಕೊಂಡ ದಿಬ್ಬ ಹೆಂಗಸರ ಕೈಯಲ್ಲಿ ನಿಂತಿತು.

ಮೊದಲ ಐದು ವರ್ಷಗಳ ಕೇಳುಗರ ಕಥೆ ಇನ್ನೂ ಬಾಕಿ ಇದೆ. ಹೋಚಂಕರನ್ನು ಐಯೊವಾ, ಮಿನೆಸೋಟಾ, ದಕ್ಷಿಣ ಡಕೋಟಾ, ನೆಬ್ರಾಸ್ಕಾ ಎಂದು ಮತ್ತೆ ಮತ್ತೆ ಸಾಗಿಸಿದರು. ಅವರಲ್ಲಿ ಒಂದು ಪಾಲು ಪ್ರತಿ ಬಾರಿಯೂ ನಡೆದುಕೊಂಡು ವಿಸ್ಕಾನ್ಸಿನ್ನಿಗೇ ಮರಳಿತು, ಇಂದಿಗೂ ಅಲ್ಲಿದೆ. ಮೆನಾಮಿನೀ ಜನರು ಹೊರಡಲೇ ಇಲ್ಲ. ಮಿನೆಸೋಟಾದಲ್ಲಿ ಗೊತ್ತುಮಾಡಿದ್ದ ನೆಲವನ್ನು ನಿರಾಕರಿಸಿ, 1854ರ ಒಪ್ಪಂದದಲ್ಲಿ ವುಲ್ಫ್ ನದಿಯ ದಡದ ಕಾಡನ್ನು ಉಳಿಸಿಕೊಂಡರು. ಅವರು ಗ್ರೀನ್ ಬೇ ಬಿಟ್ಟು ಪಾಯ್ಗನ್ ಸರೋವರಕ್ಕೆ, ಅಲ್ಲಿಂದ ಕೆಶೀನಾಕ್ಕೆ ನೆಲೆ ಬದಲಿಸಿದಾಗಲೆಲ್ಲ ಶಾಲೆಯೂ ಹಿಂದೆಯೇ ಹೋಯಿತು. ಅಲ್ಲಿ ಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳುತ್ತಿದ್ದವರು, ಮಾತ್ಸುಕೆಲ್ಲಿ ಗ್ರೀನ್ ಬೇಯಲ್ಲಿ ಶಾಲೆ ತೆರೆದಾಗ ಕಲಿಸಲು ಬಂದಿದ್ದ ಅದೇ ರೋಸಾಲಿ ಡೌಸ್‌ಮನ್.